ಗನಿ ಸಾಹೇಬರ ವಿಮಾನಕ್ಕೆ ಪರವಾನಗಿ ಸಿಕ್ಕ ಬಗೆ

ಈ ಕಥೆಯನ್ನು ಮೊದಲು ಹೇಳಿದವರು ಬಿಳಗಿಯ ಗಿರಿಜವ್ವ. ೨೦೦೪ರ ಬೇಸಿಗೆಯಲ್ಲಿ, ಹಲಸಿನ ಹಪ್ಪಳ ಒತ್ತಲು ಕೇರಿಯ ಹೆಂಗಸರು ಅವರ ಜಗಲಿಯಲ್ಲಿ ಸೇರಿದ್ದ ಒಂದು ಮಧ್ಯಾಹ್ನ. ಕಥೆ ನಡೆದ ದಿನ ತಾವೂ ಎಕ್ಕಂಬಿಯ ಬಯಲಿನಲ್ಲಿದ್ದುದಾಗಿ ಅವರು ಆಣೆಯಿಟ್ಟು ಹೇಳುತ್ತಾರೆ. ಯಲ್ಲಾಪುರದ ಕಡೆ ಇದೇ ಕಥೆ ಇನ್ನಷ್ಟು ಉಪ್ಪುಖಾರ ಹಚ್ಚಿಕೊಂಡು ಓಡಾಡುತ್ತಿದೆ. ಎರಡು ಪಾಠಗಳು ಬೇರೆಯಾಗುವಲ್ಲಿ ಇಲ್ಲಿ ಗಿರಿಜವ್ವನ ಪಾಠವನ್ನೇ ಹಿಡಿದಿದೆ.

ಶಿರಸಿಯ ಗನಿ ಸಾಹೇಬರು ಲಾರಿಯ ಕ್ಲೀನರ್ ಆಗಿ ಬದುಕು ಶುರುಮಾಡಿ, ಡ್ರೈವರ್ ಆಗಿ, ಕೊನೆಗೆ ಘಟ್ಟ ಇಳಿದು ಹತ್ತುವ ಒಂದು ಸಾಲು ಲಾರಿಗಳ ಮಾಲೀಕರಾದವರು. ಕ್ಲೀನರ್ ಆಗಿದ್ದಾಗ ನಾಲಿಗೆಗೆ ಅಂಟಿದ ಒಂದು ಅಭ್ಯಾಸ ಮಾತ್ರ ಮಾಲೀಕರಾದ ಮೇಲೂ ಬಿಟ್ಟುಹೋಗಲಿಲ್ಲ. ಯಾವ ಗಾಡಿ ತಮ್ಮತ್ತ ಬಂದರೂ ಅವರ ಕೈ ತಾನಾಗಿ ಮೇಲೇಳುತ್ತಿತ್ತು, ಬಾಯಿ ತಾನಾಗಿ "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತಿತ್ತು. ಎತ್ತಿನಗಾಡಿಗೂ ಅದೇ, ಮಕ್ಕಳ ಸೈಕಲ್ಲಿಗೂ ಅದೇ. ಒಮ್ಮೆ ಮದುವೆಯ ದಿಬ್ಬಣದ ಕಾರನ್ನು ಹಾಗೆಯೇ ಕರೆದು ಕರೆದು ಚಪ್ಪರದ ಕಂಬಕ್ಕೆ ತಾಗಿಸಿದ್ದರಿಂದ, ಮದುಮಗ ಚಪ್ಪರವನ್ನು ತಲೆಯ ಮೇಲೆ ಹೊತ್ತುಕೊಂಡೇ ಇಳಿದನಂತೆ.

ತೊಂಬತ್ತರ ದಶಕದ ನಡುವೆ ಸರಕಾರ ಖಾಸಗಿಯವರಿಗೂ ಆಕಾಶವನ್ನು ತೆರೆದಾಗ, ಸಾಹೇಬರ ಮಗಳು ನಿಲೋಫರ್ ವಿಮಾನ ಹಾರಿಸಲು ಕಲಿತು ಊರಿಗೆ ಬಂದಿದ್ದಳು. ಸಾಹೇಬರಿಗೆ ಅಷ್ಟೇ ಸಾಕಾಯಿತು. ಒಂಬತ್ತು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡು ತಂದರು. ಎಕ್ಕಂಬಿಯ ಬಯಲಿನಲ್ಲಿ ಓಟದ ಹಾದಿ ಮಾಡಿಸಿದರು. ಲಾರಿಗೆ ಬರೆಸುವ ಪೇಂಟರನನ್ನೇ ಕರೆಸಿ ವಿಮಾನದ ಮೂತಿಗೆ 'ತಾಯಿಯ ಆಶೀರ್ವಾದ' ಎಂದೂ ಬಾಲಕ್ಕೆ 'ಹಾರ್ನ್ ಮಾಡಿ' ಎಂದೂ ಬರೆಸಿದರು. ಆದರೆ ಟಿಕೆಟು ಮಾರಿ ಜನರನ್ನು ಹೊರಬೇಕಾದರೆ ದಿಲ್ಲಿಯ ಪರವಾನಗಿ ಬೇಕು. ಆ ಪರವಾನಗಿಯ ಮೇಲೆ ಸಾಹೇಬರ ಜೀವವೇ ಕೂತಿತ್ತು. ಅದು ಸಿಗದಿದ್ದರೆ ಮಗಳು ದೂರದ ಯಾವುದೋ ಕಂಪನಿಗೆ ಹೊರಟುಹೋಗುತ್ತಾಳೆ, ವಿಮಾನ ಬಯಲಿನಲ್ಲಿ ಕೋಳಿಗೂಡಾಗುತ್ತದೆ.

ತಪಾಸಣೆಗೆ ಬಂದವರು ಧಾರವಾಡದ ಕಡೆಯ ಸಂಗಯ್ಯ ಎಂಬ ಅಧಿಕಾರಿ. ಸೀಟಿನ ಪಟ್ಟಿ ಎಳೆದು ನೋಡಿದರು, ಬೆಂಕಿ ಆರಿಸುವ ಸಿಲಿಂಡರು ಅಲ್ಲಾಡಿಸಿ ನೋಡಿದರು, ಬಾಲದ ಮೇಲಿನ 'ಹಾರ್ನ್ ಮಾಡಿ' ಎಂಬುದನ್ನು ಅಳಿಸಿ ಹಾಕಿಸಿದರು. ಉಳಿದದ್ದು ಕೊನೆಯ ಪರೀಕ್ಷೆ: ಮಂಜು ಕವಿದ ಬೆಳಿಗ್ಗೆ, ಹೊರಗಿನದು ಏನೂ ಕಾಣದಿರುವಾಗ, ಬರೀ ಉಪಕರಣಗಳ ಮುಳ್ಳು ನೋಡಿಕೊಂಡು ವಿಮಾನವನ್ನು ಹಾದಿಯ ಸಮೀಪಕ್ಕೆ ತರುವುದು.

"ಇಳಿಸೂದು ದೊಡ್ಡ ಮಾತಲ್ರೀ ಸಾಹೇಬ್ರ," ಎಂದರು ಸಂಗಯ್ಯ. "ಒಂದು ಎತ್ತರ ಅಂತ ನಿಗದಿ ಅದ. ಅಲ್ಲಿಗೆ ಬಂದಾಗ ಹಾದಿ ಕಂಡ್ರ ಇಳೀಬೇಕು, ಕಾಣ್ಲಿಲ್ಲಂದ್ರ ಮಾತಿಲ್ದ ಮ್ಯಾಲ ಏರಬೇಕು. ಒಂದು ಬೆರಳು ಕೆಳಗ ಬಂದ್ರೂ ನಪಾಸು. ಇನ್ನೊಂದು ಹೇಳ್ತೀನಿ ಕೇಳ್ರಿ. ಮಾಲೀಕರು ನೀವು, ಹಾರಿಸಾಕಿ ನಿಮ್ಮ ಮಗಳು. ನೆಲದ ಮ್ಯಾಲಿಂದ ನೀವು 'ಬಾ' ಅಂತ ಒಂದು ಮಾತು ಅಂದ್ರಿ ಅಂದ್ರ, ನಾ ಚೀಲ ಕಟ್ಟಿ ಹೊಂಟೆ."

"ಎಲ್ಲಾದ್ರೂ ಉಂಟಾ ಸ್ವಾಮಿ," ಎಂದರು ಗನಿ ಸಾಹೇಬರು, ಎದೆಯ ಮೇಲೆ ಕೈಯಿಟ್ಟು.

ನಿಲೋಫರ್ ತಂದೆಯನ್ನು ಪಕ್ಕಕ್ಕೆ ಕರೆದಳು. "ಅಬ್ಬಾ, ರೇಡಿಯೋ ಹತ್ರ ಬೇರೆಯವರು ಕೂತ್ಕೊಳ್ಳಲಿ."

"ಅದರ ಪರೀಕ್ಷೆ ಪಾಸಾಗಿದ್ದು ನಾನೊಬ್ನೇ ಅಲ್ವಾ?"

"ಹಾಗಾದ್ರೆ ಇವತ್ತೊಂದಿನ 'ಬರ್ಲಿ ಬರ್ಲಿ' ಅನ್ಬೇಡಿ."

"ನಾನು ಯಾವಾಗ ಅಂದಿದ್ದೀನಿ?" ಎಂದು ಸಾಹೇಬರು ನಿಜವಾಗಿಯೂ ಆಶ್ಚರ್ಯಪಟ್ಟರು.

ಡಿಸೆಂಬರಿನ ಬೆಳಗು, ಹಾಲಿಗೆ ಹೆಪ್ಪು ಹಾಕಿದಂಥ ಮಂಜು. ಸುತ್ತಲಿನ ಊರುಗಳಿಂದ ಜನ ಬಂದು ಬಯಲು ತುಂಬಿದರು. ಹುಲೇಕಲ್ಲಿನ ವೇದಕ್ಕ, ಸಾಹೇಬರ ಲಾರಿಯಲ್ಲೇ ವರ್ಷವರ್ಷ ಕಾಳುಮೆಣಸು ಕಳಿಸುವವಳು, ದೊಡ್ಡ ಪಾತ್ರೆಯಲ್ಲಿ ಬೆಲ್ಲದ ಪಾನಕ ತಂದಿದ್ದಳು. ಆಕಾಶದಿಂದ ಬಂದರೇನಂತೆ, ಬಂದವರಿಗೆ ಕುಡಿಯಲು ಆಸರಿಗೆ ಕೊಡದೆ ಮಾತಾಡಿಸುವ ಪದ್ಧತಿ ಅವಳ ಸೀಮೆಯಲ್ಲಿಲ್ಲ.

ಸಂಗಯ್ಯನವರನ್ನು ಕೂರಿಸಿಕೊಂಡ ನಿಲೋಫರ್ ಹುಬ್ಬಳ್ಳಿಯಿಂದ ಹಾರಿ ಬರುವಳೆಂದು ಗೊತ್ತಾಗಿತ್ತು. ರೇಡಿಯೋ ಇಟ್ಟದ್ದು ತಗಡಿನ ಮಾಡಿನ ಕೋಣೆಯಲ್ಲಿ. ಅಧಿಕಾರಿ ಬರುವರೆಂದು ಅದಕ್ಕೆ ಹಿಂದಿನ ದಿನವಷ್ಟೇ ಬೆಳ್ಳಗೆ ಸುಣ್ಣ ಬಳಿಸಿ, ಒಳಗೂ ಹೊರಗೂ ಬಯಲಿನಲ್ಲೂ 'ಇಲ್ಲಿ ಉಗುಳಬಾರದು' ಎಂಬ ಬೋರ್ಡುಗಳನ್ನು ಸಾಹೇಬರೇ ಹಾಕಿಸಿದ್ದರು. ಅವರು ಗಾಳಿ ಎಷ್ಟು, ಮಂಜು ಎಷ್ಟು ಎಂದು ಮಗಳಿಗೆ ವರದಿ ಒಪ್ಪಿಸಿ ಮುಗಿಸಿದ್ದರು. ಆದರೂ ಮೈಕನ್ನು ಕೆಳಗಿಡದೆ ಹಿಡಿದೇ ಕೂತಿದ್ದರು.

ವೇದಕ್ಕ ಎಲೆಯಡಿಕೆ ಕವಳದ ತಟ್ಟೆ ಹಿಡಿದು ಒಳಗೆ ಬಂದಳು. "ಸಾಹೇಬ್ರೇ, ಇಷ್ಟು ಗಡಿಬಿಡಿ ಎಂತಕ್ಕೆ? ಒಂದು ಕವಳ ಹಾಕಿ. ಶುಭಕಾರ್ಯಕ್ಕೆ ಬೇಡ ಅನ್ನೂಲಿಲ್ಲೆ."

ಕೊಟ್ಟ ಕವಳವನ್ನು ಬೇಡವೆಂದರೆ ಕೊಟ್ಟವರ ಮನೆಯನ್ನೇ ಬೇಡವೆಂದಂತೆ. ಸಾಹೇಬರು ಬಾಯಿ ತೆರೆದರು. ಎರಡೆಲೆಯ ಕವಳ, ತುಂಬ ಅಡಿಕೆ, ಮೇಲೊಂದು ಚೂರು ಹೊಗೆಸೊಪ್ಪು. ಕೆನ್ನೆ ತೆಂಗಿನಕಾಯಿಯಷ್ಟು ಉಬ್ಬಿತು. ವೇದಕ್ಕ ಇದನ್ನು ಬೇಕೆಂದೇ ಮಾಡಿದಳೆಂದು ಯಲ್ಲಾಪುರದವರು ಹೇಳುತ್ತಾರೆ. ಗಿರಿಜವ್ವ ಒಪ್ಪುವುದಿಲ್ಲ: ಅವಳು ಕಟ್ಟುವ ಕವಳ ಯಾವತ್ತೂ ಅಷ್ಟು ದೊಡ್ಡದೇ.

ಆಗ ದೂರದಲ್ಲಿ ಗುಂಯ್ ಎಂದಿತು.

ಸದ್ದು ಹತ್ತಿರವಾಯಿತು. ಸಾಹೇಬರ ಎಡಗೈ ತಾನಾಗಿ ಮೇಲೆದ್ದಿತು. ಬಲಗೈಯ ಹೆಬ್ಬೆರಳು ಮೈಕಿನ ಗುಂಡಿಯನ್ನು ಒತ್ತಿತು. ನಾಲ್ಕು ದಶಕಗಳ ಘಟ್ಟದ ರಸ್ತೆಯೆಲ್ಲ ಅವರ ಗಂಟಲಿಗೆ ನುಗ್ಗಿ ಬಂತು. 'ಬರ್ಲಿ' ಎಂದು ಹೊರಬೀಳಬೇಕಾದದ್ದು ಕವಳಕ್ಕೆ ಡಿಕ್ಕಿ ಹೊಡೆದು ಅಲ್ಲಿಯೇ ನಿಂತಿತು. ಬಾಯಿ ತೆರೆದರೆ ಕೆಂಪು ರಸ ಸುಣ್ಣದ ಗೋಡೆಗೆ, ರೇಡಿಯೋಗೆ, ಎಲ್ಲಕ್ಕೂ ಹಾರುತ್ತದೆ. ಉಗುಳಲು ಹೊರಗೋಡೋಣವೆಂದರೆ ಬಾಗಿಲ ತುಂಬ ಜನ, ತಲೆಯ ಮೇಲೆ ತಮ್ಮದೇ ಬೋರ್ಡು. ಸಾಹೇಬರು ಜೋರುಜೋರಾಗಿ ಅಗಿಯತೊಡಗಿದರು. ಹೆಬ್ಬೆರಳು ಗುಂಡಿಯ ಮೇಲೆಯೇ ಮರೆತು ಕೂತಿತ್ತು.

ವಿಮಾನ ತಲೆಯ ಮೇಲೆಯೇ ಬಂದಂತಾಗಿ ಮಾಡು ಗಡಗಡ ನಡುಗಿತು. ಮಂಜಿನಲ್ಲಿ ಚಕ್ರ ಸಹ ಕಾಣಲಿಲ್ಲ. ಮರುಕ್ಷಣ ಇಂಜಿನ್ನು ಗರ್ಜಿಸಿ, ಸದ್ದು ಮೇಲಕ್ಕೇರಿ ಹೋಯಿತು.

"ಅಂಗಳದವರೆಗೆ ಬಂದು ಆಸರಿಗೂ ಕುಡಿಯದೇ ಹೋದ್ವಲಾ," ಎಂದು ವೇದಕ್ಕ ಹೊರಗೋಡಿ ಪಾನಕದ ಪಾತ್ರೆಯನ್ನೇ ಆಕಾಶಕ್ಕೆ ಎತ್ತಿ ತೋರಿಸಿದಳು. ಬಯಲಿನಲ್ಲಿದ್ದವರೆಲ್ಲ ಹೆಗಲ ವಲ್ಲಿ ಬೀಸಿ, ಹೋದ ನೆಂಟರನ್ನು ಕರೆಯುವಂತೆ ಕೂಗಿದರು. ಸಾಹೇಬರು ಗಾಬರಿಯಲ್ಲಿ ಕವಳವನ್ನು ಇಡಿಯಾಗಿ ನುಂಗಿಬಿಟ್ಟರು. ಹೊಗೆಸೊಪ್ಪು ತಲೆಗೇರಿ ಕೋಣೆ ಒಂದು ಸುತ್ತು ತಿರುಗಿತು. ವಿಮಾನ ಮೇಲೆ ಸುತ್ತುತ್ತಿತ್ತು, ಸಾಹೇಬರು ಕೆಳಗೆ ಸುತ್ತುತ್ತಿದ್ದರು. ಗುಂಡಿ ಒತ್ತಿದ್ದು ಆಗ ನೆನಪಾಗಿ, ತಾನು ಏನೆಂದೆನೋ, ಅವರು ಏನು ಕೇಳಿದರೋ ಎಂದು ಕುರ್ಚಿ ಹಿಡಿದು ಕೂತರು.

ಬಿಸಿಲು ಏರಿ ಮಂಜು ಹರಿದ ಮೇಲೆ ನಿಲೋಫರ್ ಹೂವಿಟ್ಟಂತೆ ವಿಮಾನ ಇಳಿಸಿದಳು. ಸಂಗಯ್ಯ ಗಂಭೀರವಾಗಿ ಮೆಟ್ಟಿಲಿಳಿದರು. ಪಾನಕ ಕುಡಿದರು. ತೀರ್ಪು ಹೇಳಲು ಬಾಯಿ ತೆರೆದರು. ತೆರೆದ ಬಾಯಿಗೆ ವೇದಕ್ಕ ಕವಳವಿಟ್ಟಳು.

ಇನ್ನೇನು ಮಾಡುವುದು? ಸಂಗಯ್ಯ ಅಗಿದರು. ಬಯಲಿಗೆ ಬಯಲೇ ಅವರ ದವಡೆಯನ್ನು ನೋಡುತ್ತ ನಿಂತಿತು. ಉಗುಳಲು ಎಡಕ್ಕೆ ತಿರುಗಿದರೆ ಅಲ್ಲೊಂದು ಬೋರ್ಡು, ಬಲಕ್ಕೆ ತಿರುಗಿದರೆ ಇನ್ನೊಂದು. ಸಾಹೇಬರ ಮುಖ ಆ ದವಡೆಯ ಜೊತೆಗೇ ಏರಿ ಇಳಿಯುತ್ತಿತ್ತು. ಕೊನೆಗೆ ಸಂಗಯ್ಯ ಬೇಲಿಯವರೆಗೆ ನಡೆದು ಹೋಗಿ, ಬಾಯಿ ಖಾಲಿಮಾಡಿ, ಬಾಯಿ ಒರೆಸಿಕೊಂಡು ಬಂದರು.

"ಸಾಹೇಬ್ರ, ನಿಮ್ಮ ಮಗಳು ಒಂದು ಬೆರಳೂ ಕೆಳಗ ಬರದ ಮ್ಯಾಲ ಏರಿದ್ಲು, ಪಾಸು. ಭಾಳ ಕಂಪನಿ ನೋಡೀನಿ. ವಿಮಾನ ಇಳಿಯೂ ಮುಂದ ಮಾಲೀಕರು ಒದರ್ಯಾಡ್ತಾರ. ನೀವು, ಹೆತ್ತ ಮಗಳು ಮಂಜಿನಾಗ ಇದ್ರೂ ಆರಾಮ ಕವಳ ಅಗೀಲಿಕ್ಹತ್ತಿದ್ರಿ. ಆ ಸಪ್ಪಳ ಬಿಟ್ರ ರೇಡಿಯೋದಾಗ ಏನೂ ಇಲ್ಲ. ಇಂಥಾ ಮಾಲೀಕರಿದ್ರ ಜನರ ಜೀವಕ್ಕ ಭಯ ಇಲ್ಲ. ನಾಳೆ ದಿಲ್ಲಿಗೆ ನನ್ನ ಒಪ್ಪಿಗೆ ಹೋಗ್ತದ."

ನಿಲೋಫರ್ ಟೋಪಿಯಿಂದ ಮುಖ ಮುಚ್ಚಿಕೊಂಡಳು. ಭುಜ ಮಾತ್ರ ಕುಣಿಯುತ್ತಿತ್ತು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ವಿಮಾನವನ್ನು ಬಿಸಿಲಿನಿಂದ ಸರಿಸಿ ಅದಕ್ಕೆಂದೇ ಕಟ್ಟಿಸಿದ ಮಾಡಿನ ಕೆಳಗೆ ನಿಲ್ಲಿಸಬೇಕಾಗಿತ್ತು. ಮಗಳು ಮತ್ತೆ ಹತ್ತಿ ಕೂತು ಅದನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟಳು. ಗನಿ ಸಾಹೇಬರ ಬಾಯಿ ಈಗ ಖಾಲಿ. ಅವರು ಅದರೆದುರು ಹಿಮ್ಮುಖವಾಗಿ ನಡೆಯುತ್ತ, ಎರಡೂ ಕೈ ಎತ್ತಿ, ಇಡೀ ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನೆಲ್ಲ ಬಿಟ್ಟರು: "ಬರ್ಲಿ, ಬರ್ಲಿ, ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್."

ಸಂಗಯ್ಯ ಕತ್ತು ತಿರುಗಿಸಿದರು. ಎತ್ತಿದ ಆ ಎರಡೂ ಕೈಗಳನ್ನು ನೋಡಿದರು. ಆಮೇಲೆ ವೇದಕ್ಕನ ಕಡೆಗೆ ತಿರುಗಿ, "ಅಕ್ಕಾರ, ದಿನಾ ವಿಮಾನ ಬರೂ ಹೊತ್ತಿಗೆ ಈ ಮನಷ್ಯಾಗ ಒಂದು ಕವಳ ಕೊಡ್ತೀರೇನು? ನಿಯಮದ ಪುಸ್ತಕದಾಗ ಸೇರಿಸ್ತೀನಿ," ಎಂದರು.

"ಪುಸ್ತಕ ಎಂತಕ್ಕೆ ಬೇಕು," ಎಂದಳು ವೇದಕ್ಕ. "ಕೊಡ್ತೆ."

ಗಿರಿಜವ್ವ ಕಥೆ ನಿಲ್ಲಿಸಿದಾಗ ಹಪ್ಪಳದ ಹಿಟ್ಟು ಮುಗಿದಿತ್ತು, ಚಾಪೆ ತುಂಬಿತ್ತು. ಹೆಂಗಸರು ನಕ್ಕು ನಕ್ಕು ನೋಯುತ್ತಿದ್ದ ಪಕ್ಕೆ ಹಿಡಿದುಕೊಂಡು ಎದ್ದರು, ಸೀರೆಗೆ ಮೆತ್ತಿದ ಹಿಟ್ಟು ಕೊಡವಿದರು. ಒಬ್ಬಾಕೆಯನ್ನು ಕರೆದೊಯ್ಯಲು ಬಂದ ಗಂಡ ಅಂಗಳದಲ್ಲಿ ಸ್ಕೂಟರನ್ನು ಹಿಂದಕ್ಕೆ ತಳ್ಳಿ ತಿರುಗಿಸುತ್ತಿದ್ದ. ಜಗಲಿಯಿಂದ ಎಲ್ಲರೂ ಒಟ್ಟಿಗೆ "ಬರ್ಲಿ, ಬರ್ಲಿ" ಎಂದರು. ಅವನು ತಬ್ಬಿಬ್ಬಾಗಿ ನಿಂತ. ಅವರು ನಗುತ್ತಲೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಮನೆಗಳಿಗೆ ಹೋದರು.