ಕ್ಲಾರಿಸಳ ಹೊಸ ಮುಖ

ವಿನ್ನಿ ಡೊರಾನ್ ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು. ನಿಜಕ್ಕೂ ನಾನು ಅವಳಿಗಿಂತ ಎರಡು ವರ್ಷ ಚಿಕ್ಕವಳು. ಆದರೆ ಮಧ್ಯಾಹ್ನದ ಧಾರಾವಾಹಿಯಲ್ಲಿ ಹದಿನೇಳು ವರ್ಷ ಅವಳು ತಂಗಿ ಕ್ಲಾರಿಸ್, ನಾನು ಅಕ್ಕ ಆಗ್ನೆಸ್. ಅವಳಿಗೆ ನಾಲ್ಕು ಮದುವೆ, ಎರಡು ಅಪಹರಣ. ನನಗೆ ಅಡುಗೆಮನೆಯಲ್ಲಿ ನಿಂತು ಕಾಫಿ ಬಗ್ಗಿಸಿಕೊಡುವ ಕೆಲಸ. "ಮುಂದೇನು ಮಾಡ್ತೀಯೇ, ಕ್ಲಾರಿಸ್?" ಎಂದು ಕೇಳುವುದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು. ಹೊಟ್ಟೆಕಿಚ್ಚು ಇರಲಿಲ್ಲ ಎಂದು ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ.

ವಿನ್ನಿ ಮೂಲತಃ ನಾಟಕದವಳು. ಇಪ್ಪತ್ತೆಂಟಕ್ಕೇ ದೊಡ್ಡ ನಾಟಕಗಳು ನಡೆಯುವ ಬ್ರಾಡ್‌ವೇಯಲ್ಲಿ ಹೆಸರು ಮಾಡಿದ್ದಳು. ಬಾಡಿಗೆ ಕಟ್ಟಲು ಟೀವಿಗೆ ಬಂದವಳು ಇಲ್ಲೇ ಉಳಿದಳು. ಒಮ್ಮೆ ಸಿನಿಮಾದಿಂದ ಕರೆ ಬಂದಾಗ ನಮ್ಮ ಧಾರಾವಾಹಿಯವರು ಆರು ವಾರ ರಜೆ ಕೊಡಲಿಲ್ಲ. ಆ ಪಾತ್ರ ಮಾಡಿದವಳು ಈಗ ಸಿನಿಮಾ ತಾರೆಯರ ಬೆವರ್ಲಿ ಹಿಲ್ಸ್‌ನಲ್ಲಿ ಮನೆ ಮಾಡಿಕೊಂಡಿದ್ದಾಳೆ. ವಿನ್ನಿ ಇದನ್ನು ನಗುನಗುತ್ತಲೇ ಹೇಳುತ್ತಿದ್ದಳು, ಕೇಳುವವರಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಎಂಬತ್ತೆರಡರ ಮಾರ್ಚಿನಲ್ಲಿ ಹೊಸ ಕಥೆ ಬಂತು. ಕ್ಲಾರಿಸಳ ಕಾರು ಹೊತ್ತಿ ಉರಿಯುತ್ತದೆ, ಮುಖ ಸುಟ್ಟುಹೋಗುತ್ತದೆ, ಆರು ವಾರ ಅವಳು ಮುಖದ ತುಂಬ ಬ್ಯಾಂಡೇಜು ಸುತ್ತಿಕೊಂಡು ಆಸ್ಪತ್ರೆಯಲ್ಲಿ ಮಲಗಿರುತ್ತಾಳೆ. ವಿನ್ನಿ ಪುಟಗಳನ್ನು ಎದೆಗವಚಿಕೊಂಡು ನನ್ನ ಕೋಣೆಗೆ ಬಂದಳು.

"ಬರೀ ಧ್ವನಿ, ಬರೀ ಕಣ್ಣು! ಹದಿನೇಳು ವರ್ಷಕ್ಕೆ ಈಗ ನಟಿಸೋಕೆ ಬಿಟ್ಟಿದ್ದಾರೆ ಕಣೇ ಅಕ್ಕಾ." ನಾನು ತಿನ್ನುತ್ತಿದ್ದ ಬೇಗಲ್ ಬ್ರೆಡ್ಡಿನಲ್ಲಿ ಅರ್ಧ ಮುರಿದುಕೊಂಡು ಕೂತಳು. "ಆದ್ರೆ ಇನ್ನೊಂದು ಫಜೀತಿ. ಬಾಸ್ಟನ್‌ನಿಂದ ನಾಟಕಕ್ಕೆ ಕರೀತಿದ್ದಾರೆ. ತಾಯಿ ಪಾತ್ರ, ಇಡೀ ನಾಟಕ ಅವಳದ್ದೇ. ಚೆನ್ನಾಗಿ ಹೋದ್ರೆ ಬ್ರಾಡ್‌ವೇಗೆ ಬರುತ್ತೆ. ಶುಕ್ರವಾರದೊಳಗೆ ಹೇಳ್ಬೇಕು. ನನಗೆ ನಲವತ್ತೊಂಬತ್ತು, ಇನ್ನೊಂದ್ಸಲ ಯಾರೂ ಕರೆಯೋಲ್ಲ. ಹೋಗ್ಲಾ, ಇಲ್ಲೇ ಇರ್ಲಾ?"

ಆ ವಾರವೇ ಅವಳ ಒಪ್ಪಂದ ಮುಗಿಯುತ್ತಿತ್ತು. ಹೋಗಬಹುದಿತ್ತು.

ಆ ಕಥೆ ಎಲ್ಲಿಗೆ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ಹಿಂದಿನ ಶನಿವಾರ ನಿರ್ಮಾಪಕ ಸ್ಟ್ರೌಡ್ ನನ್ನನ್ನು ಖಾಲಿ ಸ್ಟುಡಿಯೋಗೆ ಕರೆಸಿ, ಬ್ರಿನ್ ಕ್ಯಾಲ್ಡರ್ ಎಂಬ ಇಪ್ಪತ್ತಾರರ ಹುಡುಗಿಯ ಎದುರು ದೃಶ್ಯ ಮಾಡಿಸಿದ್ದ. ಬ್ಯಾಂಡೇಜು ಬಿಚ್ಚಿದಾಗ ಕ್ಲಾರಿಸಳಿಗೆ ಬರುವ ಮುಖ ಅವಳದ್ದು. ಅಲ್ಲಿಯವರೆಗೆ ವಿನ್ನಿಯೇ ಮಲಗಿ ಮಾತಾಡುತ್ತಿರಬೇಕು. ಹಳೇ ಧ್ವನಿ ಕೇಳುತ್ತಿದ್ದರೆ ಹೊಸ ಮುಖವನ್ನು ಜನ ನಂಬುತ್ತಾರಂತೆ.

"ಅವಳಿಗೆ ಹೇಳ್ಬೇಡ," ಎಂದಿದ್ದ ಸ್ಟ್ರೌಡ್. "ನಿನ್ನ ಹದಿಮೂರು ವಾರ ಯಾವಾಗ ಮುಗಿಯುತ್ತೆ, ಇರ್ಮಾ? ಮುಂದಿನ ತಿಂಗಳಲ್ವಾ?"

ನಮ್ಮ ಒಪ್ಪಂದ, ಆಯುಷ್ಯವೆಲ್ಲ ಹದಿಮೂರು ವಾರಗಳ ಲೆಕ್ಕದ್ದು. ಬೇಡವಾದವರನ್ನು ಹದಿಮೂರನೆಯ ವಾರ ಕಳಿಸಿಬಿಡುತ್ತಾರೆ. ಕಾಫಿ ಬಗ್ಗಿಸುವ ಅಕ್ಕನನ್ನು ಕಳಿಸಲು ಕಾರಿಗೆ ಬೆಂಕಿಯೂ ಬೇಕಿಲ್ಲ.

"ಬಾಸ್ಟನ್‌ನಲ್ಲೇ ಮಕಾಡೆ ಮಲಗೋ ನಾಟಕಕ್ಕೆ ಇಂಥ ಕಥೆ ಬಿಟ್ಟು ಹೋಗ್ತಾರೇನೇ ಹುಚ್ಚೀ?" ಎಂದೆ. "ಇದು ನಿನ್ನ ಕಥೆ. ಇರು."

ಅವಳು ನನ್ನ ಕೆನ್ನೆಗೆ ಮುತ್ತಿಟ್ಟು ಹೋದಳು. ಬಾಸ್ಟನ್‌ಗೆ ಬರುವುದಿಲ್ಲ ಎಂದು ಗುರುವಾರವೇ ಫೋನ್ ಮಾಡಿದಳಂತೆ.

ಆರು ವಾರ ಅವಳು ಮಲಗಿಯೇ ನಟಿಸಿದಳು. ಅಂಥ ನಟನೆಯನ್ನು ನಾನು ಮತ್ತೆ ನೋಡಿಲ್ಲ. ಕ್ಯಾಮೆರಾದವರು ಕೂಡ ಹರಟೆ ನಿಲ್ಲಿಸಿ ಕೇಳುತ್ತಿದ್ದರು. ಬ್ಯಾಂಡೇಜು ಬಿಚ್ಚುವ ದಿನ ಬೆಳಿಗ್ಗೆ ಕೂದಲಿಗೆ ಹೊಸದಾಗಿ ಬಣ್ಣ ಹಾಕಿಸಿಕೊಂಡು ಬಂದಳು. ಮೇಕಪ್ಪಿನವಳು ಮುಖಕ್ಕೆ ಬಟ್ಟೆ ಸುತ್ತಿ ಮುಗಿಸಿದ ಮೇಲೆ ಸ್ಟ್ರೌಡ್ ಬಂದು ವಿಷಯ ಹೇಳಿದ. ಮೊದಲೇ ಹೇಳಿದ್ದರೆ ಎದ್ದುಹೋಗುತ್ತಿದ್ದಳಲ್ಲ.

"ಮೇಲಿನ ಸುತ್ತುಗಳನ್ನ ನಿಮ್ಮ ಮುಖದಿಂದ ಬಿಚ್ತೀವಿ, ವಿನ್ನಿ. ಕೊನೇ ಸುತ್ತು ಬ್ರಿನ್ ಮುಖದಿಂದ. ಅವಳ ಚರ್ಮದ ಮೇಲೆ ಗುರುತು ಬೀಳಬಾರದು ನೋಡಿ."

ವಿನ್ನಿ ನನ್ನ ಕಡೆ ತಿರುಗಿದಳು. ಬಟ್ಟೆಯ ನಡುವೆ ಕಣ್ಣುಗಳು ಮಾತ್ರ ಕಾಣುತ್ತಿದ್ದವು.

"ನಿನಗೆ ಗೊತ್ತಿತ್ತಾ, ಅಕ್ಕಾ?"

"ದೇವರಾಣೆಗೂ ಇಲ್ಲ ಕಣೇ," ಎಂದೆ.

ಅಷ್ಟರಲ್ಲಿ ಬ್ರಿನ್ ಬಂದಳು. ಒಳ್ಳೆಯ ಹುಡುಗಿ, ಬಾಯಿಗೆ ಮಾತ್ರ ಬೀಗವಿಲ್ಲ. ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಇರ್ಮಾ! ಮಾರ್ಚಲ್ಲಿ ಆ ಶನಿವಾರ ನೀವು ಕೈ ಹಿಡಿದು ಮಾಡಿಸದೇ ಇದ್ದಿದ್ರೆ ಈ ಪಾತ್ರ ನನಗೆಲ್ಲಿ ಸಿಗ್ತಿತ್ತು!"

ವಿನ್ನಿ ಕುರ್ಚಿಯಿಂದ ಎದ್ದು, ಸೆಟ್ಟಿಗೆ ನಡೆದು, ಹಾಸಿಗೆಯ ಮೇಲೆ ಕೂತಳು. ಹೊರಗೆ ಹೋಗಬಹುದಿತ್ತು. ಬಣ್ಣ ಹಚ್ಚಿದ ಮೇಲೆ ದೃಶ್ಯ ಬಿಟ್ಟು ಹೋಗುವುದು ಅವಳಿಗೆ ಗೊತ್ತಿರಲಿಲ್ಲ.

ವೈದ್ಯನ ಪಾತ್ರಧಾರಿ ಒಂದೊಂದೇ ಸುತ್ತು ಬಿಚ್ಚತೊಡಗಿದ. ನಾಲ್ಕನೆಯ ಸುತ್ತಿಗೆ ಕಣ್ಣಿನ ಕೆಳಗಿನ ಬಟ್ಟೆ ಒದ್ದೆಯಾಗಿತ್ತು. ಅವನ ಕೈ ನಿಂತಿತು. "ನಿಲ್ಲಿಸ್ಬೇಡ, ಹತ್ತಿರ ಹೋಗು, ಹತ್ತಿರ!" ಎಂದು ನಿರ್ದೇಶಕ ಕ್ಯಾಮೆರಾದವನಿಗೆ ಪಿಸುಗುಟ್ಟಿದ. ಮುಂದಿನ ವರ್ಷ ಆ ಕಂತಿಗೆ ಬ್ರಿನ್‌ಗೆ ಪ್ರಶಸ್ತಿ ಬಂತು. ಬ್ಯಾಂಡೇಜು ತೋಯಿಸಿದ ಆ ಕಣ್ಣೀರನ್ನು ಹೊಗಳಿ ಸಾವಿರಾರು ಹೆಂಗಸರು ಅವಳಿಗೆ ಕಾಗದ ಬರೆದರು. ಸಿನಿಮಾಕ್ಕೆ ಕರೆ ಬಂದಾಗ ಅವಳಿಗೆ ರಜೆಯೂ ಸಿಕ್ಕಿತು.

ಆಮೇಲೆ ವಿನ್ನಿಯನ್ನು ಎಬ್ಬಿಸಿ ಬ್ರಿನ್‌ಳನ್ನು ಕೂರಿಸಿದರು. ಕೊನೆಯ ಸುತ್ತು ಬಿಚ್ಚಿತು. ಈಗ ನನ್ನ ಮಾತು. ಅಕ್ಕ ತಂಗಿಯ ಮುಖವನ್ನು ಹಿಡಿದು ಹೇಳಬೇಕು: "ನೀನು ಒಂಚೂರೂ ಬದಲಾಗಿಲ್ಲ, ಕ್ಲಾರಿಸ್."

ಕ್ಯಾಮೆರಾದ ಹಿಂದೆ ವಿನ್ನಿ ನಿಂತಿದ್ದಳು, ಕೆನ್ನೆಯ ಮೇಲೆ ಬಟ್ಟೆಯ ಗೆರೆಗಳು. ಅವಳನ್ನು ನೋಡಿ ಮಾತಿನ ನಡುವೆಯೇ ಅತ್ತುಬಿಟ್ಟೆ.

"ಅಳೋದು ಬೇಡ ಇರ್ಮಾ, ನಿನ್ನ ಕಂತಲ್ಲ ಇದು," ಎಂದ ನಿರ್ದೇಶಕ. "ಇನ್ನೊಂದ್ಸಲ."

ಎರಡನೆಯ ಸಲ ಸಲೀಸಾಗಿ ಹೇಳಿದೆ. ಕಣ್ಣು ಕೂಡ ಮಿಟುಕಿಸಲಿಲ್ಲ.

ವಿನ್ನಿ ಕೈಚೀಲ ತೆಗೆದುಕೊಂಡು ಹೋಗುವಾಗ ನನ್ನ ಹತ್ತಿರ ಬಂದಳು. ಬಯ್ಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ.

"ಎರಡನೇದು ಚೆನ್ನಾಗಿತ್ತು, ಇರ್ಮಾ," ಎಂದಳು. "ಮೊದಲನೇದ್ರಲ್ಲಿ ನೀನು ನಟಿಸ್ತಿದ್ದೆ."