ಶಿಮೊತ್ಸುಕಾರೆಯ ಉಪ್ಪು

ಬಿದಿರು ಹಲ್ಲಿನ ತುರಿಮಣೆಗೆ ಮೂಲಂಗಿಯ ಜೊತೆ ತೊಕುಜೊನ ಬೆರಳ ಗೆಣ್ಣೂ ಸ್ವಲ್ಪ ತುರಿದುಹೋಯಿತು. ಬೈಯಲು ಬಾಯಿ ತೆರೆದವನು ಬೆರಳು ಚೀಪಿದ. ಕೇಳುವವರಾದರೂ ಯಾರು? ಹೆಂಡತಿ ಇಸೊನೊ ತೀರಿಕೊಂಡು ಎಂಟು ತಿಂಗಳಾಗಿತ್ತು.

ಫೆಬ್ರವರಿಯಲ್ಲಿ ಪಂಚಾಂಗದ ಮೊದಲ ಕುದುರೆ ದಿನ ಬಂದರೆ ಜಪಾನಿನ ತೊಚಿಗಿಯ ಈ ಕಡೆ ಮನೆಮನೆಯಲ್ಲೂ ಶಿಮೊತ್ಸುಕಾರೆ ಬೇಯಬೇಕು. ಉಪ್ಪು ಹಚ್ಚಿದ ಸಾಲ್ಮನ್ ಮೀನಿನ ತಲೆ, ತುರಿದ ಮೂಲಂಗಿ, ದೆವ್ವ ಓಡಿಸಲು ಎರಚಿ ಉಳಿದ ಹುರಿದ ಸೋಯಾಕಾಳು, ಅಕ್ಕಿ ಹೆಂಡದ ಗಷ್ಟು. ಏಳು ಮನೆಯದು ತಿಂದವನ ಹತ್ತಿರ ಕಾಯಿಲೆ ಸುಳಿಯುವುದಿಲ್ಲವಂತೆ. ನೋಡಲು ಮಾತ್ರ ಬೆಕ್ಕು ಕಕ್ಕಿದ ಹಾಗಿರುತ್ತದೆ; ಊರವರೇ ಹಾಗೆನ್ನುತ್ತಾರೆ. ತೊಕುಜೊನಿಗೆ ಹುಟ್ಟಿದಾಗಿನಿಂದ ಅದು ಸೇರದು. ನಲವತ್ತೊಂದು ವರ್ಷ ಹೆಂಡತಿ ಬಡಿಸಿದ್ದನ್ನು, ಅವಳು ಬೆನ್ನು ತಿರುಗಿಸಿದೊಡನೆ ನಾಯಿಗೆ ಸುರಿದು, ಚೆನ್ನಾಗಿದೆ ಎಂದಿದ್ದ. ಅಷ್ಟರಲ್ಲಿ ಮೂರು ನಾಯಿಗಳು ಬದಲಾಗಿದ್ದವು. ಈಗ ಅವಳ ಪಟದ ಮುಂದೆ ಅವಳ ಕೈರುಚಿಯದ್ದನ್ನೇ ಇಡಬೇಕೆಂಬ ಹಟ. ಆದರೆ ಆ ರುಚಿ ಹೇಗಿತ್ತೆಂಬುದೇ ಅವನಿಗೆ ಗೊತ್ತಿಲ್ಲ. ನಾಚಿಕೆಯಾಯಿತು.

ಬೆಂದದ್ದನ್ನು ಬಟ್ಟಲಿಗೆ ಹಾಕಿ ಮುಚ್ಚಿಕೊಂಡು ಪಕ್ಕದ ಮನೆಯ ಮುದುಕಿ ಕುನಿಯೊಳ ಬಾಗಿಲಿಗೆ ಹೋದ.

"ಕುನಿಯಕ್ಕಾ, ಒಂಚೂರು ರುಚಿ ನೋಡಿ. ನಮ್ಮ ಇಸೊನೊ ಮಾಡ್ತಿದ್ಳಲ್ಲ, ಹಾಗೇ ಬಂದಿದ್ಯಾ?"

"ಅಯ್ಯಯ್ಯೋ, ತೊಕುಜೊ ಅಡುಗೆ ಮಾಡಿದ್ನಾ! ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ್ನಪ್ಪಾ?" ಕುನಿಯೊ ಒಂದಿಷ್ಟು ಬಾಯಿಗಿಟ್ಟುಕೊಂಡು ಚಪ್ಪರಿಸಿದಳು. "ಉಪ್ಪು ಸಾಲ್ದು. ಹಾಗಾದ್ರೆ ಅವಳ ಥರಾನೇ ಬಿಡು. ಪ್ರತಿ ವರ್ಷ ನಾನೇ ಹೇಳ್ತಿದ್ದೆ."

"ಪ್ರತಿ ವರ್ಷ ನಿಮ್ಗೆ ತಂದು ತೋರಿಸ್ತಿದ್ಳಾ?"

"ಮತ್ತೆ? ಕಿತ್ತಳೆ ಸೀಮೆ ಹುಡುಗಿ, ಇದರ ವಾಸನೆಗೇ ಹೊಟ್ಟೆ ತೊಳಸೋದು. ಒಂದು ಸಲಾನೂ ನಾಲಿಗೆಗೆ ಮುಟ್ಟಿಸ್ಲಿಲ್ಲ. ನಿನ್ಹತ್ರ ಮಾತ್ರ ಅಡುಗೆಮನೇಲೇ ತಿಂದೆ ಅನ್ನೋಳು, ಅಲ್ವಾ? 'ಅಕ್ಕಾ, ನೀವೇ ಉಪ್ಪು ನೋಡಿ, ಅವರಿಗೆ ಇದಂದ್ರೆ ಪ್ರಾಣ' ಅಂತ ಇಲ್ಲೇ ನಿಂತಿರೋಳು." ಕುನಿಯೊ ನಗು ನಿಲ್ಲಿಸಿದಳು. "ಯಾಕೋ, ಏನಾಯ್ತು?"

"ಏನಿಲ್ಲಕ್ಕಾ. ಉಪ್ಪು ಹಾಕ್ತೀನಿ."

ಮನೆಗೆ ಬಂದು ಉಪ್ಪು ಬೆರೆಸಿ ಪಟದ ಮುಂದೆ ಇಡಲು ಹೋದವನು ಹಾಗೇ ನಿಂತ. ಅವಳಿಗೂ ಸೇರದ್ದನ್ನು ಇಡುವುದು ಹೇಗೆ? ಇದನ್ನು ಹೇಳಿಕೊಂಡು ನಗಬಹುದಾಗಿದ್ದವಳು ಅವಳೊಬ್ಬಳೇ. ಅವಳಿಗೆ ಒಂದು ಕಿತ್ತಳೆ ಸುಲಿದಿಟ್ಟ. ಆಮೇಲೆ ಎದುರಿಗೆ ಕುಳಿತು, ಬಟ್ಟಲಿನ ತಳ ಕಾಣುವವರೆಗೂ ತಿಂದ.