ಪಾಲಿಶ್ ಹಾಕದ ಹಲಗೆ

ಫೋನಿಗೆ ಬಂದದ್ದನ್ನೆಲ್ಲ ನಂಬಬೇಡಿ ಎಂದು ನಾವೆಲ್ಲ ಇನ್ನೊಬ್ಬರಿಗೆ ಚೆನ್ನಾಗಿ ಹೇಳುತ್ತೇವೆ. ಸುದ್ದಿ ನಮ್ಮ ಮಗುವಿನದ್ದಾದರೆ ಆ ಬುದ್ಧಿಯೆಲ್ಲ ಗಾಳಿಗೆ ಹೋಗುತ್ತದೆ. ಮರದ ಸಾಮಾನಿಗೆ ಪಾಲಿಶ್ ಹಾಕುವ ಅಂಗಡಿಯ ಒಡತಿಗೂ ಹಾಗೇ ಆಯಿತು.

ಅವಳ ಮಗಳು ಪುಟ್ಟಿಗೆ ನಾಲ್ಕು ವರ್ಷ. ಆಟಿಸಂ ಇದೆ ಎಂದು ವೈದ್ಯರು ಹೇಳಿ ಒಂದು ವರ್ಷವಾಗಿತ್ತು. ಮಾತು ಇನ್ನೂ ಬಂದಿರಲಿಲ್ಲ. ಬೇಕಾದದ್ದನ್ನು ಚಿತ್ರದ ಚೀಟಿ ತೋರಿಸಿ ಕೇಳುವುದನ್ನು ತರಬೇತಿ ತರಗತಿಯಲ್ಲಿ ಕಲಿಯುತ್ತಿದ್ದಳು. ಎರಡು ದಿನದಿಂದ ತರಗತಿಗೆ ಬಂದಿಲ್ಲವೆಂದು ವಿಚಾರಿಸಲು ಆರೋಗ್ಯ ಕಾರ್ಯಕರ್ತೆ ಅಂಗಡಿಗೆ ಬಂದರು. ಯಾರು ಏನೇ ಹೇಳಲಿ, "ಆಮೇಲೆ?" ಎಂದು ಕೇಳುವ ಅವರಿಗೆ ಬೀದಿಯಲ್ಲಿ ಆಮೇಲಕ್ಕ ಎಂದೇ ಹೆಸರು. ಪುಟ್ಟಿ ಮೇಜಿನ ಕೆಳಗೆ ಒಂದು ಚೀಟಿ ಹಿಡಿದು ಕೂತಿದ್ದಳು.

"ಇನ್ನು ತರಗತಿ ಬೇಡ ಅಕ್ಕಾ, ಕಾರಣ ಸಿಕ್ತು," ಎಂದು ಒಡತಿ ಫೋನು ಮುಂದೆ ಹಿಡಿದಳು. "ಪಾಲಿಶ್ ವಾಸನೆಯಿಂದಲೇ ಆಟಿಸಂ ಬರೋದಂತೆ, ಸಂಶೋಧನೆ ಆಗಿದೆಯಂತೆ. ಬಸುರಿ ಇದ್ದಾಗ ಒಂಬತ್ತು ತಿಂಗಳೂ ಈ ಡಬ್ಬದ ಮುಂದೆನೇ ಕೂತಿದ್ದೆ. ನನ್ನ ಕೈಯಾರೆ ಮಾಡಿದೆ. ಈ ಹನಿ ಕುಡಿಸಿದ್ರೆ ವಿಷ ಇಳಿಯುತ್ತಂತೆ. ತರಿಸಿಕೊಂಡೆ, ಇವತ್ತಿಂದ ಶುರು."

ಮೇಜಿನ ಮೇಲೆ ಒಂದು ಸಣ್ಣ ಬಾಟಲಿ ಇತ್ತು. ಅವಳ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು.

"ಆಮೇಲೆ?" ಎಂದರು ಆಮೇಲಕ್ಕ. "ಎಷ್ಟು ಜನರನ್ನ ಕೇಳಿದ್ದಾರೆ?"

"ಮೂವತ್ತು ತಾಯಂದಿರನ್ನ. ಎಲ್ಲರ ಮಕ್ಕಳಿಗೂ ಆಟಿಸಂ. ಇಪ್ಪತ್ತು ಜನಕ್ಕೆ ವಾಸನೆ ನೆನಪಿದೆಯಂತೆ."

"ಆಟಿಸಂ ಇಲ್ಲದ ಮಕ್ಕಳ ತಾಯಂದಿರನ್ನ?"

"ಅವರನ್ನ ಯಾಕೆ ಕೇಳ್ಬೇಕು?"

ಆಮೇಲಕ್ಕ ಕಿಟಕಿಯತ್ತ ಕೈ ತೋರಿಸಿದರು. ಹೊಸ ಪಾಲಿಶ್ ಬಂದಾಗಲೆಲ್ಲ ಒಡತಿ ಒಂದು ಹಲಗೆಗೆ ಅದನ್ನು ಹಾಕಿ, ಅದೇ ಮರದ ಇನ್ನೊಂದು ಹಲಗೆಯನ್ನು ಬರಿದಾಗಿ ಬಿಟ್ಟು, ಎರಡನ್ನೂ ಅಲ್ಲಿ ಒಂದು ತಿಂಗಳು ಬಿಸಿಲಿಗಿಡುತ್ತಾಳೆ.

"ಅದೊಂದನ್ನ ಯಾಕೆ ಬರಿದಾಗಿ ಇಟ್ಟಿದ್ದೀಯಾ?"

"ಬಣ್ಣ ಮಾಸಿದ್ದು ಪಾಲಿಶಿಂದಲೋ ಬಿಸಿಲಿಂದಲೋ ಗೊತ್ತಾಗ್ಬೇಕಲ್ಲ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಹಲಗೆಗೆ ಜೋಡಿ ಬೇಕು, ಮಗಳ ವಿಷಯಕ್ಕೆ ಬೇಡವಾ?"

ಒಡತಿ ಅಷ್ಟಕ್ಕೇ ಸೋಲುವವಳಲ್ಲ. "ಆದರೂ ಇಪ್ಪತ್ತು ಜನಕ್ಕೆ ನೆನಪಿದೆಯಲ್ಲ," ಎಂದಳು.

ಪಕ್ಕದಲ್ಲಿ ಅವಳ ವಾರಗಿತ್ತಿ ಕುರ್ಚಿಯ ಕಾಲು ಉಜ್ಜುತ್ತಿದ್ದಳು. ಅವಳ ಮಗನಿಗೆ ಐದು ವರ್ಷ, ಆಟಿಸಂ ಇಲ್ಲ, ಬೆಳಗಾದರೆ ಬಾಯಿ ಮುಚ್ಚುವುದಿಲ್ಲ. "ನೀನು ಬಸುರಿ ಇದ್ದಾಗ ಎಷ್ಟು ದಿನ ಪಾಲಿಶ್ ಹಾಕಿದ್ದೆ?" ಎಂದು ಆಮೇಲಕ್ಕ ಅವಳನ್ನು ಕೇಳಿದರು.

"ಅದ್ಯಾರಿಗೆ ನೆನಪಿರುತ್ತೆ? ಹಾಕಿದ್ನೋ ಇಲ್ವೋ ಅದೇ ಗೊತ್ತಿಲ್ಲ."

"ಹಾಕಿದ್ದೆ ಕಣೇ," ಎಂದಳು ಒಡತಿ. "ನನ್ನ ಪಕ್ಕದಲ್ಲೇ ಕೂತು, ಇದೇ ಡಬ್ಬದಿಂದ." ಆಮೇಲಕ್ಕನತ್ತ ತಿರುಗಿದಳು. "ನಾನು ಒಂದೊಂದು ದಿನಾನೂ ಕೆದಕಿ ನೋಡಿದ್ದೀನಿ ಅಕ್ಕಾ. ಇವಳಿಗೆ ಕೆದಕೋ ಕೆಲಸವೇ ಇರ್ಲಿಲ್ಲ."

"ಅದಕ್ಕೇ ಬರೀ ನೆನಪು ನಂಬಿದ್ರೆ ಲೆಕ್ಕ ಒಂದು ಕಡೆ ವಾಲುತ್ತೆ."

"ಅಂದ್ರೆ ಪಾಲಿಶ್ ಏನೂ ಮಾಡಲ್ಲ, ನನ್ನ ಮಗನೇ ಸಾಕ್ಷಿ," ಎಂದು ವಾರಗಿತ್ತಿ ಬೀಗಿದಳು.

"ನಿನ್ನ ಮಗ ಒಬ್ಬನೇ ಸಾಕ್ಷಿ ಆಗಲ್ಲ ಕಣಮ್ಮಾ. ಆಟಿಸಂನಲ್ಲಿ ಹುಟ್ಟಿನಿಂದಲೇ ಬರೋ ವಂಶವಾಹಿ ಗುಣದ ಪಾಲು ದೊಡ್ಡದು ಅಂತ ಗೊತ್ತಾಗಿದೆ. ಲಸಿಕೆ ಕಾರಣ ಅಲ್ಲ ಅಂತ ಲಕ್ಷಾಂತರ ಮಕ್ಕಳನ್ನ ನೋಡಿ ಹೇಳಿದ್ದಾರೆ. ಹೊಗೆ, ರಾಸಾಯನಿಕ, ಇವುಗಳ ಪರೀಕ್ಷೆ ಇನ್ನೂ ನಡೀತಿದೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಣ. ಕಿಟಕಿ ತೆರೆದಿಡಿ, ಬಸುರಿಯರು ಈ ವಾಸನೆಯಲ್ಲಿ ಕೂರೋದು ಬೇಡ. ಎದೆಗೆ ಒಳ್ಳೇದಲ್ಲ ಅನ್ನೋದೇ ಅದಕ್ಕೆ ಸಾಕು. ಆಮೇಲೆ, ಆ ಸಂದೇಶದ ಕೊನೇ ಸಾಲು ಓದಿದ್ಯಾ?" ಎಂದು ಆಮೇಲಕ್ಕ ಒಡತಿಯನ್ನು ಕೇಳಿದರು.

ಒಡತಿ ಓದಿದಳು. ಸಂಶೋಧನೆ ಮಾಡಿದವರೂ ಹನಿ ಮಾರುವವರೂ ಒಬ್ಬರೇ. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಳಗೆ ಏನಿದೆ ಎಂದು ಎಲ್ಲೂ ಬರೆದಿರಲಿಲ್ಲ.

"ಏನು ಬೆರೆಸಿದ್ದಾರೆ ಅಂತ ಬರೆಯದ ಡಬ್ಬಾನ ನಾನು ಮೇಜಿಗೂ ಹಾಕಲ್ಲ," ಎಂದಳು. "ಮಗಳ ಬಾಯಿಗೆ ಹಾಕ್ತೀನಾ? ತಗೊಂಡು ಹೋಗಿ, ವೈದ್ಯರಿಗೆ ತೋರಿಸಿ."

ಅಷ್ಟರಲ್ಲಿ ಪುಟ್ಟಿ ಬಂದು ಅಮ್ಮನ ಕೈ ಎಳೆದಳು. ಕೈಯಲ್ಲಿದ್ದದ್ದು ಚಪ್ಪಲಿಯ ಚಿತ್ರ, ತರಗತಿಗೆ ಹೊರಡುವಾಗ ತೋರಿಸುವ ಚೀಟಿ. ಹಿಡಿದು ಹಿಡಿದು ಅದರ ಅಂಚು ಮೆತ್ತಗಾಗಿತ್ತು.

"ಎರಡು ದಿನದಿಂದ ಕೇಳ್ತಾನೇ ಇದ್ದಾಳೆ," ಎಂದಳು ಒಡತಿ. "ನಾನು ಐದು ವರ್ಷ ಹಿಂದಕ್ಕೆ ನೋಡ್ತಾ ಕೂತಿದ್ದೆ."

ಕೈ ಒರೆಸಿಕೊಂಡು ಮಗಳಿಗೆ ಚಪ್ಪಲಿ ಹಾಕಿದಳು. ಅಂದಿನಿಂದ ಪುಟ್ಟಿ ಒಂದು ದಿನವೂ ತರಗತಿ ತಪ್ಪಿಸಿಲ್ಲ.

ಈಗ ಆ ಅಂಗಡಿಯ ಬಾಗಿಲಲ್ಲಿ ಪಾಲಿಶ್ ಹಾಕದ ಹಲಗೆಯೊಂದು ತೂಗುತ್ತಿದೆ. ಒಡತಿಯೇ ಪೆನ್ಸಿಲಿನಲ್ಲಿ ಬರೆದದ್ದು: ಎಷ್ಟು ಜನರನ್ನು ನೋಡಿದರು? ಯಾರ ಜೊತೆ ಹೋಲಿಸಿದರು? ನೆನಪೋ, ಅಳತೆಯೋ? ಬೇರೆಯವರು ಪರೀಕ್ಷೆ ಮಾಡಿದಾಗಲೂ ಹಾಗೇ ಕಂಡಿತೇ? ಹೇಳಿದವರು ಏನು ಮಾರುತ್ತಾರೆ?

ನಾಳೆ ನಿಮ್ಮ ಫೋನಿಗೂ ಇಂಥ ಸಂದೇಶ ಬಂದೀತು. ಮುಂದಕ್ಕೆ ಕಳಿಸುವ ಮೊದಲು ಇಷ್ಟನ್ನು ಕೇಳಿ, ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತಾಯಿಯ ಮೇಲೆ ತಪ್ಪು ಹೊರಿಸಬೇಡಿ. ವೈದ್ಯರು ಹೇಳದ ಯಾವ ಹನಿಯನ್ನೂ ಮಗುವಿಗೆ ಕುಡಿಸಬೇಡಿ. ಫೋನು ಕೆಳಗಿಟ್ಟು, ನಿಮ್ಮ ಮಗು ಈಗ ಏನು ಕೇಳುತ್ತಿದೆ ನೋಡಿ.